ಪಾಲಮ್ಮನ ಪ್ಲೇಟು

ದೀಪ ಸ್ವಲ್ಪ ಸಣ್ಣ ಮಾಡಿ. ಬಾಗಿಲಿನ ಅಗುಳಿ ಹಾಕಿದ್ದೀರೋ ಇಲ್ಲವೋ ಒಮ್ಮೆ ನೋಡಿ ಬಂದು ಕೂತುಕೊಳ್ಳಿ. ಇದು ಮೊಳಕಾಲ್ಮೂರಿನಲ್ಲಿ ನಮ್ಮ ಅಜ್ಜಿ ದುರುಗಕ್ಕನ ಎದುರು ಮನೆಯವನಿಗೆ ಆದದ್ದು. ಅವನ ಹೆಸರು ರಂಗಯ್ಯ, ರೇಷ್ಮೆ ಸೀರೆ ನೇಯುವವನು. ಎಲ್ಲಿಂದಲೋ ಹಾರಿ ಬಂದ ಸುದ್ದಿಯಲ್ಲ. ಅಜ್ಜಿ ಅಲ್ಲೇ ಇದ್ದಳು.

ರಂಗಯ್ಯ ಬೆಂಗಳೂರಿನಿಂದ ಬರುತ್ತಿದ್ದ. ಚಿತ್ರದುರ್ಗದವರೆಗೆ ರೈಲು, ಅಲ್ಲಿಂದ ಚಳ್ಳಕೆರೆಗೆ ಮೋಟಾರು, ಚಳ್ಳಕೆರೆಯಿಂದ ಹತ್ತಿ ಮೂಟೆಯ ಗಾಡಿ. ಬಳ್ಳಾರಿ ರಸ್ತೆಯಲ್ಲೇ ಅವನನ್ನು ಇಳಿಸಿದ ಗಾಡಿಯವನು ಕ್ಯಾತಣ್ಣ, “ಇನ್ನ ನಡ್ಕಂಡು ಹೋಗಪ್ಪಾ,” ಅಂದ.

“ಊರ ಬಾಗ್ಲಿಗಾದ್ರೂ ಬಿಡೋ. ಕಾಲು ಎತ್ತಾಕಾಗವಲ್ದು.”

“ಕತ್ಲಾದ್ಮೇಲೆ ನನ್ನ ಎತ್ತು ಊರ ಮುಂದ್ಲ ಆ ಬಾವಿ ಕಡೀಕೆ ಬರಂಗಿಲ್ಲ. ನಾನೂ ಬರಂಗಿಲ್ಲ.”

ಗಾಡಿ ಹೊರಟುಹೋಯಿತು. ಗಾಲಿಯ ಕಿರ್ರ್... ಕಿರ್ರ್... ಸ್ವಲ್ಪ ಹೊತ್ತು ಕೇಳಿಸಿ, ಆಮೇಲೆ ಅದೂ ಇಲ್ಲ.

ರಂಗಯ್ಯನ ಎರಡೂ ಕೈಯಲ್ಲಿ ಒಂದು ಗಂಟು. ಹಳೆಯ ಸೀರೆಯಲ್ಲಿ ಸುತ್ತಿ, ಮೇಲೊಂದು ಚೌಕಳಿ ಪಂಚೆ ಬಿಗಿದ ಗಂಟು. ಅದರ ನಡುವೆ ಒಂದು ಪ್ಲೇಟು. ಹಾಡುವ ಪೆಟ್ಟಿಗೆಯ ಮೇಲಿಟ್ಟು ತಿರುಗಿಸುತ್ತಾರಲ್ಲ, ಆ ಕರೀ ತಟ್ಟೆ. ಬಿದ್ದರೆ ಮಡಕೆಯ ಹಾಗೆ ಒಡೆಯುತ್ತೆ. ಬೆಂಗಳೂರಿನಿಂದ ಅದನ್ನು ಕೆಳಗಿಟ್ಟಿರಲಿಲ್ಲ ಅವನು. ರೈಲಿನಲ್ಲಿ ತೊಡೆಯ ಮೇಲೆ, ಮೋಟಾರಿನಲ್ಲಿ ಎದೆಗೆ ಒತ್ತಿಕೊಂಡು... ನಿದ್ದೆಯೇ ಇಲ್ಲ. ಭುಜ ಕಲ್ಲಾಗಿತ್ತು.

ಆ ತಟ್ಟೆಯಲ್ಲಿ ಇದ್ದದ್ದು ಅವನ ತಂಗಿ ಪಾಲಮ್ಮನ ದನಿ.

ಪಾಲಮ್ಮ ಯಾರು ಅಂತ ಹೇಳದೆ ಮುಂದೆ ಹೋದರೆ ನೀವು ಬಿಡುವವರಲ್ಲ, ಹೇಳುತ್ತೇನೆ. ಅಂಚಿನಲ್ಲಿ ಹೂ ಬರಬೇಕಾದರೆ ಮಗ್ಗದಲ್ಲಿ ನೇಯುವವನೊಬ್ಬ ಸಾಲದು. ಎದುರಿಗೆ ಇನ್ನೊಬ್ಬರು ಕೂತು ಎಳೆ ಎತ್ತಿ ಕೊಡಬೇಕು. ಆ ಮನೆಯಲ್ಲಿ ಎಳೆ ಎತ್ತುತ್ತಿದ್ದವಳು ಪಾಲಮ್ಮ. ಸುಮ್ಮನೆ ಎತ್ತುತ್ತಿರಲಿಲ್ಲ, ಹಾಡಿ ಎತ್ತುತ್ತಿದ್ದಳು. ಬೀದಿಯವರೆಲ್ಲ ಅದಕ್ಕೆ ಕಿವಿ ಕೊಟ್ಟೇ ಕೆಲಸ ಮಾಡುತ್ತಿದ್ದರು. ಅವಳದೇ ಮದುವೆಯ ಸೀರೆ ಅರ್ಧ ನೇಯ್ದಿದ್ದಾಗ ಊರಿಗೊಂದು ನಾಟಕದ ಕಂಪನಿ ಬಂತು. ಕಂಪನಿ ಹೋಯಿತು. ಅದರ ಜೊತೆಗೆ ಪಾಲಮ್ಮನೂ ಹೋದಳು. ಸೀರೆ ಅರ್ಧಕ್ಕೇ ಮಗ್ಗದ ಮೇಲೆ ಉಳಿಯಿತು. ಕೆಲವು ವರ್ಷಕ್ಕೆ, ಊರೂರಲ್ಲಿ ಹೆಣ ಹೊರುವವರು ಸಿಗದಂಥ ಜ್ವರ ಬಂತಲ್ಲ, ಆ ಜ್ವರದಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡಳು.

ಸತ್ತವಳ ಸೀರೆ ಮಗ್ಗದ ಮೇಲೆ ಇರಬಾರದು, ಮಗ್ಗಕ್ಕೆ ಬಿಗಿದ ಉದ್ದೆಳೆಯ ಹಾಸು ಕತ್ತರಿಸಿ ತೆಗೀಬೇಕು ಅಂತ ಬೀದಿಯ ಹಿರಿಯರು ಹೇಳಿದರು. ತಾಯಿ ಎರ್ರಮ್ಮ ಬಿಡಲಿಲ್ಲ. ಕಣ್ಣು ಮಂಜಾಗಿದ್ದ ಮುದುಕಿ. ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿಬಿಟ್ಟಳು.

“ಅದರ ದನಿ ಒಂದ್ಸಲ ನನ್ನ ಕಿವೀಗೆ ಬೀಳ್ಲಿ. ಆಮ್ಯಾಕೆ ಕತ್ರಿ ಹಾಕು. ಅಲ್ಲೀಗಂಟ ಮುಟ್ಟಿದ್ರೆ ನನ್ನ ಹೆಣ ದಾಟಿ ಮುಟ್ಟು.”

ಇರುವುದೊಂದೇ ಮಗ್ಗ. ಅದು ನಿಂತರೆ ಒಲೆಯೂ ನಿಂತ ಹಾಗೆ. ರಂಗಯ್ಯ ಬೇರೆಯವರ ಮನೆಯಲ್ಲಿ ಕೂಲಿಗೆ ನೇಯ್ದ. ಮುದುಕಿ ದಿನಕ್ಕೆ ಒಂದು ಬಟ್ಟಲು ಗಂಜಿಗೆ ಇಳಿದಳು, ಆಮೇಲೆ ಅರ್ಧ ಬಟ್ಟಲಿಗೆ.

ಹೀಗಿರುವಾಗ ಚಳ್ಳಕೆರೆಯ ಹತ್ತಿ ಸಾಹುಕಾರ ಮುರುಗೇಂದ್ರಪ್ಪ ಸೀರೆ ಕೊಳ್ಳಲು ಬಂದ. ಹಾಡುವ ಪೆಟ್ಟಿಗೆ ಇದ್ದ ಮನುಷ್ಯ, ಅದರ ವಿಷಯ ಬಿಟ್ಟು ಬೇರೆ ಮಾತೇ ಆಡುತ್ತಿರಲಿಲ್ಲ.

“ಲೇ ರಂಗಯ್ಯ, ನಿನ್ನ ತಂಗಿ ದನಿ ಬೆಂಗಳೂರಾಗೆ ಒಂದು ಅಂಗಡೀಲಿ ಕೇಳ್ದೆ ಕಣೋ. ನಾಟಕದಾಗೆ ಕೇಳಿದ್ದೆನಲ್ಲ, ಅದೇ ದನಿ! ಆಗಲೇ ಯಾರೋ ಕೊಂಡ್ಕಂಡು ಹೋಗ್ತಿದ್ರು. ನೀನೊಂದು ಪ್ಲೇಟು ಹುಡುಕ್ಕಂಡು ಬಾ, ಪೆಟ್ಟಿಗೆ ನಾನೇ ಗಾಡೀಲಿ ಹಾಕ್ಕಂಡು ಬಂದು ನಿಮ್ಮವ್ವಗೆ ಕೇಳಿಸ್ತೀನಿ.”

“ಯಾವ ಅಂಗಡಿ ಸಾಹುಕಾರ್ರೆ?”

“ಅದೇ ಮರೆತೋತು ನೋಡು.”

ಬೆಂಗಳೂರು ಅಂದರೆ ಏನಂದುಕೊಂಡಿರಿ? ರಂಗಯ್ಯ ತನಗೆ ಕೂಲಿ ಕೊಡುವವರ ಸೀರೆಗಳನ್ನು ಚಿಕ್ಕಪೇಟೆಯಲ್ಲಿ ಕೊಟ್ಟು, ಅಲ್ಲಿಂದಲೇ ಕೇಳುತ್ತಾ ಹೊರಟ. ಪ್ಲೇಟಿನ ಅಂಗಡಿ ಅಂತ ಬೇರೆ ಇರಲಿಲ್ಲ ಆಗ. ಗಡಿಯಾರ ಮಾರುವವನು ಪ್ಲೇಟೂ ಮಾರುತ್ತಿದ್ದ, ಸೈಕಲ್ಲು ಮಾರುವವನೂ ಮಾರುತ್ತಿದ್ದ. ಒಬ್ಬ ಹಾರ್ಮೋನಿಯಂ ಅಂಗಡಿಯವನು, “ಹಾಡಿದವಳ ಹೆಸರೇನು?” ಅಂದ. “ಪಾಲಮ್ಮ.” “ಅಂಥ ಹೆಸರು ಇಲ್ಲ, ಮುಂದೆ ಹೋಗು.” ದಂಡಿನ ಕಡೆ, ಬಿಳಿ ದೊರೆಗಳ ಪೇಟೆಯಲ್ಲಿ, ದೊಡ್ಡ ಅಂಗಡಿ, ಗಾಜಿನ ಬಾಗಿಲು, ಹಿತ್ತಾಳೆಯ ತುತ್ತೂರಿಗಳು ಹೂವಿನ ಹಾಗೆ ಅರಳಿ ನಿಂತಿದ್ದವು. ಧೂಳುಗಾಲಿನವನನ್ನು ಒಳಗೇ ಬಿಡಲಿಲ್ಲ. ಮತ್ತೊಬ್ಬ, “ಕೊಂಡಮೇಲೆ ಕೇಳಬೇಕು, ಕೇಳಿ ಕೊಳ್ಳೋದು ಇಲ್ಲಿಲ್ಲ” ಅಂದ. ಧರ್ಮಛತ್ರದ ಜಗಲಿಯಲ್ಲಿ ಮಲಗೋದು, ಎದ್ದು ಮತ್ತೆ ಅಲೆಯೋದು. ಹಿಮ್ಮಡಿ ಒಡೆದು ರಕ್ತ.

ಕೊನೆಗೆ ಮಾರ್ಕೆಟ್ಟಿನ ಹಿಂದಿನ ಸಂದಿಯಲ್ಲಿ ಒಬ್ಬ ಮುದುಕ ಸಾಯಿಬರು. ಹಳೆಯ ಪ್ಲೇಟುಗಳ ನಡುವೆ, ಕಣಜದಲ್ಲಿ ಇಲಿ ಕೂತಂತೆ ಕೂತಿದ್ದರು.

“ಹೆಸರು ಗೊತ್ತಿಲ್ಲ ಸಾಬ್ರೆ, ದನಿ ಗೊತ್ತು.”

“ದನಿ ಗೊತ್ತಿದ್ರೆ ಸಾಕಲ್ಲಪ್ಪ! ಬೈಠೋ. ಹೆಸರು ಗೊತ್ತಿದ್ದೋರು ನನ್ನ ಅಂಗಡಿಗೆ ಬರೋದೇ ಇಲ್ಲ.”

ಅಂಗಡಿ ಅಂದರೆ ಅದು, ನೋಡಿ! ಒಂದಾದ ಮೇಲೊಂದು ಇಟ್ಟು ಮುಳ್ಳು ಇಳಿಸಿದರು. ಖರ್ರ್... ಸರ್ರ್... ಬೇರೆ ಯಾರೋ. ಮತ್ತೊಂದು... ಬೇರೆ ಯಾರೋ. ಸಾಯಿಬರು ಬೇಸರ ಮಾಡಲಿಲ್ಲ, ಚಹಾ ತರಿಸಿದರು. ಸಂಜೆಯ ಹೊತ್ತಿಗೆ ಒಂದು ಪ್ಲೇಟಿನಲ್ಲಿ ಹಾಡು ಶುರುವಾಗುವ ಮೊದಲು ಒಂದು ಉಸಿರು ಕೇಳಿಸಿತು. ಎಳೆ ಎತ್ತುವ ಮುಂಚೆ ತೆಗೆದುಕೊಳ್ಳುತ್ತಿದ್ದಳಲ್ಲ, ಅದೇ ಉಸಿರು. ರಂಗಯ್ಯ ಎದ್ದು ನಿಂತುಬಿಟ್ಟ.

ಆಗಿನ ಪ್ಲೇಟುಗಳಲ್ಲಿ ಹಾಡು ಮುಗಿದ ಮೇಲೆ ಹಾಡಿದವರೇ ತಮ್ಮ ಹೆಸರು ಕೂಗಿ ಹೇಳುತ್ತಿದ್ದರು. ಇವಳೂ ಹೇಳಿದಳು. ಕಂಪನಿಯವರು ಇಟ್ಟ, ‘ಬಾಯಿ’ ಅಂತ ಕೊನೆಯಾಗುವ ಯಾವುದೋ ಹೆಸರು. ಪಾಲಮ್ಮ ಅನ್ನಲಿಲ್ಲ. ಅದೊಂದು ಅವನ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿಯಿತು. ಅವ್ವ ಕೇಳಿ ಏನಂದಾಳು?

ಅದನ್ನೇ ಯೋಚಿಸುತ್ತಾ ಬರುತ್ತಿದ್ದ, ಆ ಕತ್ತಲಲ್ಲಿ. ಬಾವಿ ಬಂತು. ಪಕ್ಕದಲ್ಲಿ ಆಲದ ಮರ. ಗಾಳಿ ಇರಲಿಲ್ಲ. ಬಾವಿಯೊಳಗೆ ಒಂದು ಹನಿ ಬಿತ್ತು... ಟಿಣ್. ಸ್ವಲ್ಪ ತಡೆದು ಇನ್ನೊಂದು... ಟಿಣ್.

ರಂಗಯ್ಯನ ಮನೆಯಲ್ಲಿ ಒಂದು ಪದ್ಧತಿ. ಪೇಟೆಯಿಂದ ಬಂದವನು ಗಂಟನ್ನು ತಾನೇ ಹೊಸಿಲು ದಾಟಿಸುವಂತಿಲ್ಲ. ಮನೆಮಗಳು ಎದುರು ಬಂದು ಇಸಕೊಳ್ಳಬೇಕು. ಪಾಲಮ್ಮ ಬಾಗಿಲವರೆಗೆ ಕಾಯುತ್ತಿರಲಿಲ್ಲ, ಈ ಬಾವಿಯವರೆಗೂ ಓಡಿ ಬರುತ್ತಿದ್ದಳು.

ಹಿಂದಿನಿಂದ ಬಳೆ ಸರಿದ ಸದ್ದು. ಗಾಜಿನ ಬಳೆ... ಕಿಣಿ.

“ಅನ್ನಾ.”

ಅಣ್ಣಾ, ಅಂತ. ಅವರ ಮನೆಯ ಮಾತು, ತೆಲುಗು. ಪಿಸುದನಿ.

“ಊಂ.”

“ಇಂತ ಆಲಸ್ಯಮಾ?” ಇಷ್ಟು ತಡವಾ, ಅಂತ.

“ಸಿಗಲಿಲ್ಲವ್ವ. ಭಾಳ ಅಲೆದೆ.”

“ಇಟು ಇಯ್ಯಿ.” ಇತ್ತ ಕೊಡು.

ಕೊಟ್ಟುಬಿಟ್ಟ! ಎಷ್ಟೋ ವರ್ಷದ ರೂಢಿ ನೋಡಿ, ತಲೆಯನ್ನು ಕೇಳದೆ ಕೈ ತಾನೇ ಚಾಚಿತು. ಭುಜ ಹಗುರಾಯಿತು. ಅಬ್ಬಾ ಅಂತ ಉಸಿರು ಬಿಟ್ಟ. ನಾಲ್ಕು ಹೆಜ್ಜೆ ನಡೆದ...

ಆಗ ನೆನಪಾಯಿತು.

ತಿರುಗಿದ. ಆಲದ ಮರ. ಬಾವಿ. ಯಾರೂ ಇಲ್ಲ. ನೆಲವನ್ನೆಲ್ಲ ಕೈಯಾಡಿಸಿ ತಡಕಿದ. ಬಾವಿಕಟ್ಟೆಯ ಮೇಲೆ ಚೌಕಳಿ ಪಂಚೆ ಮಡಿಸಿಟ್ಟಿತ್ತು. ಅಷ್ಟೇ. ಪ್ಲೇಟಿಲ್ಲ, ಸುತ್ತಿದ್ದ ಸೀರೆಯಿಲ್ಲ.

ಮನೆ ಮುಟ್ಟಿ ಹೊಸಿಲ ಮೇಲೆ ಕೂತು ಬಿಕ್ಕಿ ಅತ್ತ. ನಮ್ಮ ದುರುಗಕ್ಕ ಮುದುಕಿಗೆ ಗಂಜಿ ಕುಡಿಸೋಕೆ ಬಂದವಳು ಒಲೆಯ ಮುಂದೆ ಇದ್ದಳು.

“ಯಾಕೋ ಅಳ್ತೀಯ?” ಅಂದಳು ಎರ್ರಮ್ಮ, ಚಾಪೆಯ ಮೇಲೆ ಎದ್ದು ಕೂತಿದ್ದಳು.

“ಅವ್ವ, ಅದರ ದನಿ ತಂದಿದ್ದೆ. ದಾರೀಲಿ...”

“ಕೇಳ್ದೆನಲ್ಲೋ. ಈಗಷ್ಟೇ ಹಾಡಿದ್ಲು. ಪೂರಾ ಹಾಡಿದ್ಲು. ಹಾಡಿದ್ಮ್ಯಾಕೆ ‘ನಾನು ಪಾಲಮ್ಮ’ ಅಂತ ತನ್ನ ಹೆಸರು ತಾನೇ ಹೇಳ್ಕಂಡ್ಲು. ಅವ್ವನ ಮುಂದೆ ಯಾರಾದ್ರೂ ಹೆಸರು ಹೇಳ್ಕತಾರೇನೋ, ಹುಚ್ಚು ಹುಡ್ಗಿ.” ಮುದುಕಿ ನಕ್ಕಳು. “ನಾಳೆ ಹಾಸು ಕತ್ರಿಸಪ್ಪ. ದುರುಗಿ, ಇನ್ನೊಂಚೂರು ಗಂಜಿ ಹಾಕು.”

ರಂಗಯ್ಯ ನಮ್ಮ ಅಜ್ಜಿಯ ಮುಖ ನೋಡಿದ. ಅಜ್ಜಿ ಮೆಲ್ಲಗೆ ಅಂದಳು: “ನಾನು ಹಾಡು ಕೇಳ್ಲಿಲ್ಲ ಕಣಪ್ಪ. ಲಾಳಿ ಸದ್ದು ಕೇಳ್ತು. ಸರ್ರ್... ಟಕ್. ಸರ್ರ್... ಟಕ್. ನೀನೇ ಬಂದು ಮಗ್ಗಕ್ಕೆ ಕುಂತೆ ಅಂದ್ಕಂಡೆ.”

ದೀಪ ಎತ್ತಿಕೊಂಡು ಇಬ್ಬರೂ ಮಗ್ಗದ ಗುಂಡಿಗೆ ಬಗ್ಗಿದರು. ರೇಷ್ಮೆಯ ನೂಲನ್ನು ನೀರಲ್ಲಿ ನೆನೆಸಿ ಲಾಳಿಗೆ ಹಾಕುತ್ತಾರೆ, ಇಲ್ಲದಿದ್ದರೆ ತುಂಡಾಗುತ್ತೆ. ಆ ಲಾಳಿಯನ್ನು ಪಾಲಮ್ಮ ಹೋದಾಗಿನಿಂದ ಯಾರೂ ಮುಟ್ಟಿರಲಿಲ್ಲ. ಮೇಲೆ ಧೂಳು ಹಾಗೇ ಇತ್ತು, ಬೆರಳಿನ ಗುರುತೂ ಇಲ್ಲ.

ರಂಗಯ್ಯ ಒಳಗಿನ ನೂಲಿಗೆ ಬೆರಳಿಟ್ಟ. ಆಮೇಲೆ ಅಜ್ಜಿಯ ಕೈಯನ್ನೂ ಹಿಡಿದು ಇಡಿಸಿದ.

ನಂಬುವವರು ನಂಬಿ, ಬಿಡುವವರು ಬಿಡಿ. ನಮ್ಮ ದುರುಗಕ್ಕ ಸುಳ್ಳು ಹೇಳಿದವಳಲ್ಲ. ನಡೆದದ್ದು ಇದು. ನೂಲು ಒದ್ದೆಯಾಗಿತ್ತು.