ಮೈಸೂರಿಗಿಂತ ಹತ್ತಿರದ ಗುವಾಹಟಿ

ನನ್ನ ಹೆಸರು ಸರ್ವಮಂಗಳಮ್ಮ, ಗಂಡ ದಿವಂಗತ ಗುರುಬಸಪ್ಪ, ವಯಸ್ಸು 54 ವರ್ಷ, ಮನೆಕೆಲಸ, ವಾಸ ಕೆಂಗೇರಿ ಉಪನಗರ, ಬೆಂಗಳೂರು. ಗಂಡನ ಹೆಸರಿಗೆ ದಿವಂಗತ ಎಂದು ಬರೆಸುತ್ತಿರುವುದು ಇದೇ ಮೊದಲು. ಠಾಣೆಗೆ ಹಾಜರಾಗಿ ಹೇಳಿ ಬರೆಸುವುದೇನೆಂದರೆ,

ನನ್ನ ಗಂಡ ಮೈಸೂರು ರೂಟಿನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾಗಿದ್ದರು. ಕಳೆದ ತಿಂಗಳು ನಾನು ಮಗಳು ರಾಗಿಣಿಯ ಬಾಣಂತನಕ್ಕೆ ಗುವಾಹಟಿಗೆ ಹೋದೆ. ಅಳಿಯನಿಗೆ ಅಲ್ಲಿ ರೈಲ್ವೆ ಕೆಲಸ. ಅಷ್ಟು ದೂರ ಹೇಗೆ ಹೋಗಲಿ ಎಂದು ನಾನು ಅತ್ತಾಗ ನನ್ನ ಗಂಡ ಫೋನಿನಲ್ಲಿ ನೋಡಿ, "ಎರಡು ಸಾವಿರದ ಮುನ್ನೂರು ಕಿಲೋಮೀಟರ್ ಇದ್ರೇನಂತೆ? ಬರೀ ಮೂರು ಗಂಟೆ ಕಣೇ, ಮೈಸೂರಿಗಿಂತ ಹತ್ರ. ನೀನು ಅಲ್ಲಿಂದ ಹೊರಟೆ ಅಂದ್ರೆ ನಾನಿಲ್ಲಿ ಅನ್ನಕ್ಕಿಡ್ತೀನಿ" ಎಂದರು. ಇದನ್ನೇ ಬೀದಿಯವರಿಗೆಲ್ಲ ಹೇಳಿ ನಗಿಸಿದ್ದರು.

ಇಂದು ಬೆಳಗಿನ ಜಾವ ಅವರು ಎದೆನೋವಿನಿಂದ ತೀರಿಕೊಂಡರು. ನೇರ ವಿಮಾನದಲ್ಲಿ ಸೀಟು ಸಿಗದೆ ಅಳಿಯ ಬೇರೊಂದರಲ್ಲಿ ಟಿಕೆಟ್ ಮಾಡಿಸಿದರು. 11.50ಕ್ಕೆ ವಿಮಾನ ಹೊರಡುವ ಮೊದಲು ಮೈದುನ ಶಿವಬಸಪ್ಪನಿಗೆ ಫೋನ್ ಮಾಡಿ, ನಾನು ಮುಖ ನೋಡದೆ ಮಣ್ಣು ಮಾಡಬೇಡಿ ಎಂದೆ. ಮಾಡುವುದಿಲ್ಲ, ಮೂರು ಗಂಟೆ ತಾನೇ, ಅಣ್ಣನೇ ಹೇಳುತ್ತಿದ್ದನಲ್ಲ ಎಂದ. ಇಳಿಯುವವರೆಗೆ ಫೋನ್ ಹಾಕಬಾರದೆಂದು ಮಗಳು ಹೇಳಿದ್ದರಿಂದ ಆಫ್ ಮಾಡಿದೆ.

1.05ಕ್ಕೆ ವಿಮಾನ ನಿಂತಿತು. ನಾನು ಚೀಲ ಹಿಡಿದು ಎದ್ದೆ. ಪಕ್ಕದ ಹುಡುಗಿ, "ಕೂತ್ಕೊಳ್ಳಿ ಆಂಟಿ, ಇದಿನ್ನೂ ಕೋಲ್ಕತ್ತ" ಎಂದಳು. ಅಲ್ಲಿ ಒಂದು ಗಂಟೆಗೂ ಹೆಚ್ಚು ವಿಮಾನದಲ್ಲೇ ಕೂತಿದ್ದೆವು. ಇಳಿದಿರಲಿಲ್ಲವಾದ್ದರಿಂದ ನಾನು ಫೋನ್ ಹಾಕಲಿಲ್ಲ.

ಬೆಂಗಳೂರಿನಲ್ಲಿ ಇಳಿದಾಗ 5.05. ಕೂಡಲೇ ಮೈದುನನಿಗೆ ಫೋನ್ ಮಾಡಿದೆ. "ಎಲ್ಲಿದೀರಾ ಅತ್ತಿಗೆ? ನಾಲ್ಕೂವರೆವರೆಗೂ ಕಾದ್ವಿ, ಫೋನೇ ಹೋಗ್ಲಿಲ್ಲ. ಹೊತ್ತು ಮುಳುಗೋದ್ರೊಳಗೆ ಆಗ್ಬೇಕು ಅಂದ್ರು ಅಯ್ನೋರು" ಎಂದು ಅತ್ತ. ಹಿಂದೆ ಗುದ್ದಲಿಯ ಸದ್ದು ಕೇಳುತ್ತಿತ್ತು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ, ಮುಖ ಕೊನೆಗೆ ಮುಚ್ಚುತ್ತದೆ. ನಿಲ್ಲಿಸು ಎಂದು ಕೂಗಿದೆ. "ಮುಖ ಮುಚ್ಚೋಯ್ತು ಅತ್ತಿಗೆ" ಎಂದ.

ವಿಮಾನ ನಿಲ್ದಾಣದಿಂದ ಜ್ಞಾನಭಾರತಿ ಹತ್ತಿರದ ರುದ್ರಭೂಮಿಗೆ ಸುಮಾರು 45 ಕಿ.ಮೀ. ತಲುಪಿದಾಗ 7.20. ಎಲ್ಲರೂ ಹೋಗಿದ್ದರು, ಶಿವಬಸಪ್ಪ ಒಬ್ಬನೇ ಕೂತಿದ್ದ. ನಾನು ಕೈಯಿಂದ ಮಣ್ಣು ತೆಗೆಯತೊಡಗಿದೆ. ಅವನು ತಡೆಯಲಿಲ್ಲ. ಕಾವಲುಗಾರ ವೆಂಕಟಸ್ವಾಮಿಯವರು ಬಂದು, "ಏನಮ್ಮಾ ಇದು? ಹೆಣ ತೆಗೆಯಂಗಿಲ್ಲ" ಎಂದು ಬಿಡಿಸಿ ಪೊಲೀಸರಿಗೆ ಫೋನ್ ಮಾಡಿದರು.

ನಾನು ಹೆಣ ತೆಗೆಯಲು ಅಗೆದದ್ದಲ್ಲ. ಮನೆಯವರೆಲ್ಲ ಗುಂಡಿಗೆ ವಿಭೂತಿ ಹಾಕುವುದು ನಮ್ಮ ಪದ್ಧತಿ. ನನ್ನದೊಂದು ಬಾಕಿ ಇತ್ತು. ಗುವಾಹಟಿಗೆ ಹೊರಟಾಗ ನನ್ನ ಗಂಡನೇ ನನ್ನ ಚೀಲಕ್ಕೆ ಹಾಕಿದ್ದ ವಿಭೂತಿ ಗಟ್ಟಿಯನ್ನು ಒಂದು ಮೊಳ ಆಳದಲ್ಲಿ ಇಟ್ಟಿದ್ದೇನೆ. ಅದಕ್ಕಿಂತ ಕೆಳಗೆ ಕೈ ಹೋಗಲಿಲ್ಲ.

ಕಾವಲುಗಾರರ ಮೇಲಾಗಲಿ ಮೈದುನನ ಮೇಲಾಗಲಿ ನನ್ನ ದೂರಿಲ್ಲ. ಅವನು ಅಣ್ಣನ ಮಾತು ನಂಬಿದ್ದ. ನಾನೂ ನಂಬಿದ್ದೆ. ಅಗೆದ ಜಾಗವನ್ನು ಮುಚ್ಚಿಸುವಾಗ ಆ ವಿಭೂತಿಯನ್ನು ತೆಗೆಸಬಾರದೆಂದು ಮಾತ್ರ ಕೇಳಿಕೊಳ್ಳುತ್ತೇನೆ.

ಬರೆದುಕೊಂಡದ್ದನ್ನು ಓದಿ ಹೇಳಿದರು, ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಬೆಂಗಳೂರು
ದಿನಾಂಕ: 18-11-2025
ಸಹಿ: ಸರ್ವಮಂಗಳಮ್ಮ (ಕೈ ಮಣ್ಣಾಗಿದ್ದರಿಂದ ಕಾಗದದ ಮೇಲೆ ಗುರುತು ಬಿದ್ದಿದೆ)