ಪೂಜೆಯಾದ ಕಂಪ್ಯೂಟರುಗಳು

ಸಿಂದಗಿ ಬಸ್ ನಿಲ್ದಾಣದಲ್ಲಿ ಸಾವಿತ್ರವ್ವ ಬೆಳಿಗ್ಗೆ ಬಸವಣ್ಣನ ಬಾವಿಯಲ್ಲಿ ತುಂಬಿಕೊಂಡ ನೀರು ಕುಡಿದು ಬಾಟಲಿಯ ಮುಚ್ಚಳ ತಿರುವುತ್ತಿದ್ದಳು. ಕಂಬದ ಆಚೆಯಿಂದ ಅವಳೂರ ಶಾಲೆಯ ಹೆಡ್‌ಮಾಸ್ತರರ ಮತ್ತು ಸುಮಂಗಲಾ ಟೀಚರ ಮಾತು ಕೇಳಿಸಿತು.

“ಕೆಟ್ಟ ಕಂಪ್ಯೂಟರ್ ಗುಜರಿಗೆ ಕೊಟ್ರೇನ್ರಿ ಸರ?”

“ಎಸ್‌ಡಿಎಂಸಿ ಅಧ್ಯಕ್ಷರು ಎಲ್ಲಿ ಬಿಡ್ತಾರ್ರಿ? ದಸರಾಕ್ಕ ಕುಂಕುಮ ಹಚ್ಚಿ ಪೂಜಾ ಮಾಡಿದ್ದು, ಗುಜರಿಗೆ ಹಾಕಬಾರದು ಅಂದ್ರು.”

“ಮತ್ತ ಹುಡುಗರು ಇನ್ನೂ ಪಡಸಾಲ್ಯಾಗ ಕುಂಡ್ರಬೇಕೇನ್ರಿ?”

“ಇಲ್ಲ, ಕಂಪ್ಯೂಟರ್ ತುಂಬಿದ್ದ ಖೋಲಿ ಖಾಲಿ ಆತು. ನೀವು ಹೇಳಿಕೊಟ್ಟಂಗ ಹೇಳಿದೆ. ಗಣಪತಿಗೂ ಪೂಜಾ ಮಾಡ್ತೀವಿ, ಆಮ್ಯಾಲೆ ಕಳಸೂದಿಲ್ಲೇನು ಅಂದೆ.”

“ಒಪ್ಪಿದ್ರೇನ್ರಿ?”

“ಭಾಳ ಖುಷಿಲೆ ಒಪ್ಪಿದ್ರು. ನಿನ್ನೆ ಎಲ್ಲಾ ಟ್ರ್ಯಾಕ್ಟರಿನಾಗ ಹೇರಿ, ಕಾಯಿ ಒಡದು, ಬಸವಣ್ಣನ ಬಾವ್ಯಾಗ ಬಿಟ್ಟಾರ. ನನಗ ಈಗ ಫೋನಿನಾಗ ಗೊತ್ತಾತು.”

“ಅಯ್ಯ! ಯುಪಿಎಸ್‌ನ ಒಡದ ಬ್ಯಾಟರಿ ಸುದ್ದಾನೂ?”

“ಎಲ್ಲಾ.”

“ಅದರಾಗಿನ ಸೀಸ ನೀರಿಗೆ ಇಳಿತೈತ್ರಿ ಸರ, ವಿಷ ಅದು! ಊರಾಗ ಹೇಳೀರೇನು?”

“ಇಂಡ್ಯಾಗ ಮೀಟಿಂಗ್ ಐತಲ್ರಿ. ಸಂಜಿಗೆ ಹೋಗಿ ಡಂಗುರ ಸಾರಸ್ತೇನಿ.”

ಇಂಡಿ ಬಸ್ಸು ಬಂತು. ಇಬ್ಬರೂ ಅವಸರದಲ್ಲಿ ಹತ್ತಿಕೊಂಡು ಹೋದರು.

ಸಾವಿತ್ರವ್ವ ಕೈಯಲ್ಲಿದ್ದ ಬಾಟಲಿಯನ್ನು ಬಿಸಿಲಿಗೆ ಎತ್ತಿ ನೋಡಿದಳು. ನೀರು ತಿಳಿಯಾಗಿಯೇ ಇತ್ತು, ಅರ್ಧ ಖಾಲಿಯಾಗಿತ್ತು.