ಹಸಿರು ದೀಪ ಬಂದಾಗ

...ನಗಬೇಡ. ಪೂರ್ತಿ ಕೇಳು, ಆಮೇಲೆ ಬೇಕಾದ್ರೆ ಹೊಟ್ಟೆ ಹಿಡ್ಕೊಂಡು ನಗು. ಹೂಂ, ತಲೆಗೆ ಟೋಪಿ ಹಾಕಿದ್ರು. ಟೋಪಿ ತುಂಬಾ ವೈರು, ಅರವತ್ತನಾಲ್ಕು, ನಾನೇ ಎಣಿಸಿದೆ. ಊರಿನ ಬಸ್ಸಿಗೆಲ್ಲ ವೈರಿಂಗ್ ಮಾಡಿದವನು ನಾನು, ಕೊನೆಗೆ ನನಗೇ ವೈರಿಂಗ್ ಮಾಡಿದ್ರು ನೋಡು. ಒಂದೊಂದು ವೈರಿನ ಬುಡಕ್ಕೂ ತಣ್ಣಗೆ ಗ್ರೀಸ್ ಹಚ್ಚಿದ್ಳು ಆ ಹುಡುಗಿ. ಗ್ರೀಸ್ ಅಲ್ವಂತೆ, ಏನೋ ಜೆಲ್ ಅಂತೆ. "ಬೋಳುತಲೆಗೆ ಚೆನ್ನಾಗಿ ಅಂಟುತ್ತೆ ತಾತಾ" ಅಂದ್ಳು. ಮೂವತ್ತು ವರ್ಷದಿಂದ ಸುಮ್ಮನೆ ಹೊಳೀತಿದ್ದ ತಲೆ, ಅಂತೂ ಒಂದು ಕೆಲಸಕ್ಕೆ ಬಂತು.

ಏ, ಬೆನ್ನು ಹಾಕಬೇಡ ಕಣೇ. ಇತ್ತ ತಿರುಗು, ಕಿಟಕಿ ಬೆಳಕಿಗೆ. ಬಟಾಣಿ ಇಲ್ಲೇ ಕೂತು ಸುಲಿ. ಮುಖ ನೋಡ್ಕೊಂಡು ಆಡಿದ್ರೆ ತಾನೇ ಮಾತು.

ಯಾವ ಹುಡುಗಿ ಅಂತೀಯಾ? ಮೇಲಿನ ಮನೆಗೆ ಬಾಡಿಗೆಗೆ ಬಂದಿದ್ದಾಳಲ್ಲ, ಕನ್ನಡಕದವಳು, ಅವಳೇ. ಕಾಲೇಜಲ್ಲಿ ತಲೆಯೊಳಗಿನ ಕರೆಂಟು ಅಳೀತಾಳೆ. ಇನ್ನೊಬ್ಬರ ಮಾತು ಕೇಳುವಾಗ ತಲೆಯಲ್ಲಿ ಎಂಥ ಅಲೆ ಏಳುತ್ತೆ, ಬಾಯಿ ಬಿಡದೆ ಮನಸ್ಸಲ್ಲೇ ಆಡ್ಕೊಂಡಾಗ ಎಂಥದು ಏಳುತ್ತೆ... ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋದು. ವಯಸ್ಸಾದವರು ಬೇಕು ಅಂದ್ಳು. ಡಿಪೋಗೆ ಹೋಗಿ ನನ್ನ ಕಿವಿ ಬಗ್ಗೆ ವಿಚಾರಿಸಮ್ಮ, ಅಂದೆ. ಬಸ್ಸು ಗೇಟು ತಿರುಗೋ ಮೊದಲೇ ಯಾವ ಚಕ್ರದ ಬೇರಿಂಗ್ ಹೋಗಿದೆ ಅಂತ ಹೇಳಿದ ಕಿವಿ ಇದು. ಸ್ಕ್ರೂಡ್ರೈವರ್ ತುದಿ ಎಂಜಿನ್ ಮೇಲೆ, ಹಿಡಿ ಕಿವಿಗೆ, ಮುಗೀತು. ಈಗೀಗ ಅದೂ ಬೇಡ. ಅಂಗೈ ಇಟ್ರೆ ಸಾಕು, ಅದುರೋದ್ರಲ್ಲೇ ಗೊತ್ತಾಗುತ್ತೆ. ಅನುಭವ. ರಿಟೈರಾಗಿ ಹನ್ನೊಂದು ವರ್ಷ ಆದ್ರೂ ಮ್ಯಾನೇಜರು ಜೀಪು ಕಳಿಸ್ತಾನೆ ಅಂದ್ರೆ ಸುಮ್ನೆ ಅಲ್ಲ. ನಾಳೆ ಎಂಟಕ್ಕೆ ಬರುತ್ತೆ ನೋಡು.

ಹಾಂ? ...ಕೇಳಿಸ್ತು, ಕೇಳಿಸ್ತು. ಹೋದ ತಿಂಗಳ ಬಸ್ಸಿನ ಮಾತು ಈಗ್ಯಾಕೆ ಎತ್ತುತ್ತೀಯ? ನಾನು ಸರಿ ಇದೆ ಅಂದೆ, ಚಕ್ರ ಹಿಡ್ಕೊಂಡು ಇಳಿಜಾರಲ್ಲಿ ಅಡ್ಡ ನಿಂತಿತು. ಐವತ್ತು ಜನ ಇದ್ರು, ಹೌದು. ಯಾರಿಗೂ ಏನೂ ಆಗ್ಲಿಲ್ವಲ್ಲ. ಆ ಡ್ರೈವರು ಓಡಿಸೋ ರೀತಿಗೆ ಯಾವ ಬೇರಿಂಗ್ ಉಳಿಯುತ್ತೆ? ಸುಮ್ನೆ ಸುಲಿ ನೀನು.

ಎಲ್ಲಿದ್ದೆ... ದೀಪ. ಕೆಂಪು ದೀಪ ಬಂದ್ರೆ ಮನಸ್ಸಲ್ಲೇ ಮಾತಾಡಬೇಕು, ತುಟಿ ಅಲುಗಬಾರದು. ನೀರು, ಬಾಗಿಲು, ಹಾಲು, ಇಂಥ ಐದು ಪದ. ನನ್ನ ಕೈಲಾಗುತ್ತಾ? ನಾಲ್ಕು ಸಲ ಬೈಸ್ಕೊಂಡೆ. ಬಾಯಿ ಮುಚ್ಕೊಂಡು ಮಾತಾಡು ಅಂದ್ರೆ, ಅದೆಂಥ ಕೆಲಸ ಹೇಳು. ನೀನೂ ನಲವತ್ತಾರು ವರ್ಷದಿಂದ ಹೇಳ್ತಿದ್ದೀಯ, ಗೊತ್ತು. ನೀನು ಮೊದಲರ್ಧ ಮಾತ್ರ ಹೇಳೋದು.

ಹಸಿರು ದೀಪ ಬಂದ್ರೆ ಕಿವಿಗೆ ಸಿಕ್ಕಿಸಿದ್ದರಲ್ಲಿ ಆ ಐದರಲ್ಲೇ ಒಂದು ಪದ ಬರುತ್ತೆ. ಸುಮ್ನೆ ಕೇಳೋದು, ಯಾವುದು ಬಂತು ಅಂತ ಗುಂಡಿ ಒತ್ತೋದು. ಅದೇನು ಮಹಾ. ಒತ್ತಿದೆ. ಕೆಲವು ಸರಿ ಬಂತು, ಕೆಲವು... ಬಿಡು.

ಮುಗಿದ ಮೇಲೆ ಆ ಹುಡುಗಿ ಪರದೆ ನೋಡ್ತಾಳೆ, ನನ್ನ ನೋಡ್ತಾಳೆ, ಮತ್ತೆ ಪರದೆ ನೋಡ್ತಾಳೆ. ಕೇಳುವಾಗ ಅಲೆ ಕಿವಿ ಕಡೆಯಿಂದ ಎದ್ದು ಮುಂದಕ್ಕೆ ಹೋಗಬೇಕಂತೆ. ಮನಸ್ಸಲ್ಲಿ ಆಡುವಾಗ ಉಲ್ಟಾ, ಹಣೆ ಕಡೆಯಿಂದ ಹಿಂದಕ್ಕೆ. ನನಗೆ ಎರಡು ದೀಪಕ್ಕೂ ಹಣೆ ಕಡೆಯಿಂದಲೇ! ಇದುವರೆಗೆ ಕೂತ ಇಪ್ಪತ್ತು ಜನರಲ್ಲಿ ಒಬ್ಬರಿಗೂ ಹೀಗಿಲ್ಲ. ನೋಡಿದ್ಯಾ? ಊರಿಗೊಂದೇ ತಲೆ.

...ಯಾಕೆ ನಗ್ತೀಯ? ಮೆಟ್ಟಿಲ ಹತ್ರ ಸಿಕ್ಕಿದ್ಳಾ ಅವಳು? ಏನಂದ್ಳು? ಏನೇ ಅಂದಿರ್ಲಿ, ಮಕ್ಕಳ ಮಾತು ಕಟ್ಕೊಂಡು... ಹೂಂ. ಹೂಂ, ಹೌದು. ನೀನು ಹೇಳೋದು ಸರಿ, ಈ ಶರ್ಟು ಕೊಳೆಯಾಗಿದೆ, ಜೀಪು ಬರೋದ್ರೊಳಗೆ ಬೇರೆ ಒಂದು ಇಸ್ತ್ರಿ ಮಾಡಿಡು.

ಏ, ಕೈ ಯಾಕೆ ಹಿಡೀತೀಯ? ಈ ವಯಸ್ಸಲ್ಲಿ ಇದೇನೇ? ಮೇಲಿನವಳು ಇಳಿದು ಬಂದ್ರೆ... ನನ್ನ ಕೈನ ನಿನ್ನ ಗಂಟಲ ಮೇಲೆ ಯಾಕೆ ಇಟ್ಕೊಂಡೆ? ಜ್ವರ ಇಲ್ವಲ್ಲ. ಮಾತಾಡ್ತಾ ಇದ್ದೀಯಲ್ಲ, ಆಡು, ಕೇಳಿಸ್ತಿದೆ.

ಬಾಯಿ ಆಡ್ತಾ ಇದೆ.

ಗಂಟಲು ಅದುರ್ತಾ ಇಲ್ಲ.

...ಎಂಜಿನ್ ಆಫ್ ಮಾಡ್ಕೊಂಡು ಗೇರು ಹಾಕ್ತಿದ್ದೀಯಲ್ಲೇ, ಕಳ್ಳಿ. ಯಾವಾಗಿಂದ? ಬಟಾಣಿ ತೋರಿಸ್ತೀಯಲ್ಲ, ಸುಲಿಯೋಕೆ ಕೂತಾಗಿಂದಾ? ಅಷ್ಟೊತ್ತಿನಿಂದ ಬರೀ ತುಟಿಯಾ?

ಹಾಗಾದ್ರೆ ಹೋದ ತಿಂಗಳ ಬಸ್ಸಿನ ಮಾತು... ನೀನು ಎತ್ತಲೇ ಇಲ್ಲ. ಶರ್ಟಿನದ್ದೂ ಇಲ್ಲ. ಪ್ರಶ್ನೆ ನಂದೇ, ಜಗಳ ನಂದೇ, ಸೋತವನೂ ನಾನೇ.

ಸರಿ. ಆ ಸಿಕ್ಕಿಸಿದ್ದರಲ್ಲಿ ಏನೂ ಬರ್ಲಿಲ್ಲ ಕಣೇ. ಹಸಿರು ದೀಪ ಬರೋದು, ನಾನೇ ಒಂದು ಪದ ಅಂದ್ಕೊಳ್ಳೋದು, ಒತ್ತೋದು. ಬಸ್ಸಿಗೂ ಹಾಗೇ ಮಾಡಿದ್ದು. ಸರಿ ಇರುತ್ತೆ ಅಂದ್ಕೊಂಡೆ, ಸರಿ ಇದೆ ಅಂದುಬಿಟ್ಟೆ. ನಾಳೆ ಜೀಪು ಬರಲಿ. ಇನ್ನು ಕಳಿಸಬೇಡ ಅಂತ ನಾನೇ ಹೇಳ್ತೀನಿ. ಡ್ರೈವರಿಗೂ ಒಂದು ಮಾತು ಹೇಳಬೇಕು.

ಆದ್ರೆ ಒಂದು... ಕಿವಿ ಹೋದ ಈ ಎರಡು ವರ್ಷದಿಂದ ನೀನು ಬೈದಿದ್ದೆಲ್ಲ ಕೇಳಿಸ್ಕೊಂಡಿದ್ದೀನಿ ನಾನು. ಗಟ್ಟಿ ದನಿ. ಮದುವೆಯಾದ ಹೊಸದರಲ್ಲಿ ಮಹಡಿ ಮೇಲಿಂದ ಕೂಗ್ತಿದ್ದೆಯಲ್ಲ, ಅದೇ. ಒಂದು ದಿನವೂ ವಯಸ್ಸಾಗಿಲ್ಲ ಅದಕ್ಕೆ. ಈಗ ನಿನ್ನ ದನಿ ಹೇಗಾಗಿದೆಯೋ, ನನಗೆ ಗೊತ್ತೇ ಇಲ್ಲ.

ಹೇಳು. ಏನಾದ್ರೂ ಹೇಳು, ಈ ಸಲ ಸ್ವರ ಹಾಕಿ. ನಾನು ಏನೂ ಅಂದ್ಕೊಳ್ಳಲ್ಲ, ಸುಮ್ಮನಿರ್ತೀನಿ. ಕೈ ತೆಗೆಯಲ್ಲ.

...ಹಾಂ. ಸ್ಟಾರ್ಟ್ ಆಯ್ತು.